ಮಾವ ಮಾರಿದ ಟ್ರ್ಯಾಕ್ಟರು

ಅಥವಾ ಆಗ ನಾನು ಅಲ್ಲಿರಲೇ ಇಲ್ಲವೋ ಏನೋ. ಅಪ್ಪ ಮುಚ್ಚಳ ತಿರುಗಿಸಿದಾಗ ಟ್ರ್ಯಾಕ್ಟರಿನ ಡೀಸೆಲ್ ಟ್ಯಾಂಕು ಸುಯ್ ಎಂದು ಗಾಳಿ ಎಳೆದುಕೊಂಡ ಸದ್ದು ನನಗೆ ಈಗಲೂ ಕೇಳಿಸುತ್ತದೆ. ನೀನು ಸ್ಕೂಲಲ್ಲಿದ್ದೆ ಅನ್ನುತ್ತಾಳೆ ಅವ್ವ. ಅವಳು ಹೇಳಿದ್ದನ್ನೇ ನಾನು ಕಂಡದ್ದೆಂದು ಇಟ್ಟುಕೊಂಡಿರಬಹುದು.

ಹಿಪ್ಪುನೇರಳೆ ಸಾಲುಗಳ ನಡುವೆ ನುಗ್ಗುವಂಥ ಪುಟ್ಟ ಟ್ರ್ಯಾಕ್ಟರುಗಳು ಹೊಂಗನೂರಿನ ಕಡೆ ಆಗತಾನೇ ಕಾಣಿಸಿಕೊಳ್ಳುತ್ತಿದ್ದ ದಿನಗಳವು. ಮಾಗಡಿ ಹತ್ತಿರದ ಕಲ್ಯದಲ್ಲಿದ್ದ ಅವ್ವನ ತಮ್ಮ ಒಂದಷ್ಟು ದಿನ ಓಡಿಸಿದ್ದ ಟ್ರ್ಯಾಕ್ಟರನ್ನೇ ಅಪ್ಪ ಕೊಂಡು ತಂದರು. ಆಯುಧಪೂಜೆಗೆ ಅದನ್ನು ತೊಳೆದು, ಬಾಳೆಕಂದು ಕಟ್ಟಿ, ಕಂಡಕಂಡಲ್ಲೆಲ್ಲ ಅರಿಸಿನ, ವಿಭೂತಿ ಬಳಿದರು. ನಾವು ಮಕ್ಕಳು ಮಡ್‌ಗಾರ್ಡ್ ಮೇಲೆ ಕೂತು ಕಡ್ಲೆಪುರಿ ಮುಕ್ಕುತ್ತ ಬಸ್ಸಿನಾಟ ಆಡಿದೆವು. ಅರಿಸಿನಕ್ಕೆ ಡೀಸೆಲ್ ಬೆರೆತ ಆ ವಾಸನೆ ಮಾತ್ರ ಸುಳ್ಳಲ್ಲ.

ಹಬ್ಬ ಮುಗಿದದ್ದೇ ಟ್ರ್ಯಾಕ್ಟರು ಸೊರಗಿತು. ಬೆಳಿಗ್ಗೆ ಚೆನ್ನಾಗಿಯೇ ಸ್ಟಾರ್ಟ್ ಆಗಿ, ಮಣ್ಣು ಪುಡಿಮಾಡುವ ರೋಟವೇಟರ್ ಇಳಿಸಿ ಒಂದೆರಡು ಸಾಲು ಹೋಗುವಷ್ಟರಲ್ಲಿ ದಮ್ಮು ಕಟ್ಟಿದಂತೆ ಕುಗ್ಗುತ್ತಿತ್ತು. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿ. ಅಪ್ಪ ಏರ್ ಫಿಲ್ಟರ್ ಕೊಡವಿದರು, ಡೀಸೆಲ್ ಫಿಲ್ಟರ್ ಬದಲಿಸಿದರು. ಚನ್ನಪಟ್ಟಣದ ಮೆಕ್ಯಾನಿಕ್ ಬಂದು, ಇಂಜಿನ್ನೇ ಬಿಚ್ಚಬೇಕು ಅಂದ. ಅಲ್ಲಿಂದ ಊಟದ ಹೊತ್ತಿಗೆಲ್ಲ ಅಪ್ಪನ ಬಾಯಲ್ಲಿ ಮಾವನ ಹೆಸರು ಬೇರೆ ದನಿಯಲ್ಲಿ ಬರತೊಡಗಿತು. ಅವ್ವ ಮುದ್ದೆ ತಿರುವುತ್ತಿದ್ದಳು.

ದೀಪಾವಳಿಗೆ ಅವ್ವನನ್ನು ತವರಿಗೆ ಕರೆಯಲು ಮಾವ ಬಂದ. ಕಾಫಿ ಲೋಟ ಕೈಗೆ ಬರುವ ಮೊದಲೇ ಅಪ್ಪ, "ಸತ್ತೋದ ಇಂಜಿನ್ನ ಅಕ್ಕನ ಮನೇಗೇ ತಂದು ಕಟ್ಬುಟ್ಟಲ್ಲೋ" ಅಂದರು.

ಮಾವ ನಗಲು ನೋಡಿದ. ಅಂಗಳಕ್ಕೆ ಹೋಗಿ ಸ್ಟಾರ್ಟ್ ಮಾಡಿ, ಸೈಲೆನ್ಸರಿನ ಹೊಗೆ ನೋಡಿದ. "ಇಂಜಿನ್ ಹೋಗಿದ್ರೆ ಹೊಗೆ ಕಾರ್ತಿತ್ತು ಭಾವ. ಇದಕ್ಕೆ ಡೀಸೆಲ್ ಸರ್ಯಾಗಿ ಬತ್ತಿಲ್ಲ. ಒಸಿ ತಡೀರಿ, ನೋಡ್ತೀನಿ."

"ನಿಮ್ಮನೇಲಿ ಕುಡೀತಿದ್ದಿದ್ದು ನಮ್ಮನೇಲಿ ಉಪವಾಸ ಮಾಡ್ತದಾ? ನೋಡಿದ್ದು ಸಾಕು, ಎದ್ದೋಗ್ಲಾ. ನಿಮ್ಮಕ್ಕ ಬರಲ್ಲ."

ಮಾವ ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖ ನೋಡಿದ. ಅವಳು ಒಳಗೆ ಹೋದಳು. ಕಾಫಿ ಲೋಟದಲ್ಲೇ ಆರಿತು.

ಆ ವಾರದಲ್ಲೇ ಒಂದು ದಿನ ತೋಟದಲ್ಲಿ ಇಂಜಿನ್ ಕುಗ್ಗಿದಾಗ, ಡೀಸೆಲ್ ಎಷ್ಟಿದೆಯೆಂದು ನೋಡಲು ಅಪ್ಪ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಯ್ ಎಂದಿತು. ಸ್ವಲ್ಪದರಲ್ಲೇ ಇಂಜಿನ್ ಚೇತರಿಸಿಕೊಂಡು ಗುಡುಗಿತು. ಪೂಜೆಗೆ ಬಳಿದ ಅರಿಸಿನ, ವಿಭೂತಿ ಒಣಗಿ ಗಟ್ಟಿಯಾಗಿ, ಮುಚ್ಚಳದಲ್ಲಿ ಗಾಳಿಯಾಡಲೆಂದು ಇದ್ದ ಸಣ್ಣ ತೂತು ಕಟ್ಟಿಕೊಂಡಿತ್ತು. ಒಳಗೆ ಗಾಳಿ ಹೋಗದೆ ಡೀಸೆಲ್ ಇಳಿಯುತ್ತಿರಲಿಲ್ಲ.

ಅಲ್ಲೇ ಸೊಪ್ಪು ಕೀಳುತ್ತಿದ್ದ ಅವ್ವ ಬಂದು, ತಲೆಯ ಪಿನ್ನು ತೆಗೆದು ಆ ತೂತನ್ನು ಕೆರೆದಳು. "ಹೋಗಿ ನನ್ ತಮ್ಮಂಗೆ ಹೇಳ್ಬುಟ್ಟು ಬನ್ನಿ. ಇಲ್ಲಾಂದ್ರೆ ನಾನು ಯಾವ ಮೊಕ ಇಟ್ಕೊಂಡು ತವ್ರಿಗೆ ಹೋಗ್ಲಿ?"

ಅಪ್ಪ ಮರುದಿನ ಕಲ್ಯಕ್ಕೆಂದು ಬಸ್ಸು ಹತ್ತಿದರು. ಸಂಜೆ ಬಂದು, ಆಯ್ತು ಅಂದರಂತೆ, ಅಷ್ಟೇ. ಮಾವ ಆ ದೀಪಾವಳಿಗೆ ಮತ್ತೆ ಕರೆಯಲು ಬರಲಿಲ್ಲ, ಆಮೇಲೂ ಬರಲಿಲ್ಲ. ಟ್ರ್ಯಾಕ್ಟರು ವರ್ಷಗಟ್ಟಲೆ ದುಡಿಯಿತು. ಅವ್ವನಿಗೆ ತವರು ಇಲ್ಲವಾಯಿತು. ನಮಗೆ ಕಲ್ಯದ ದಾರಿಯೇ ಮರೆತುಹೋಯಿತು. ಕೇಳೋಣವೆಂದರೆ ಅಪ್ಪನೂ ಇಲ್ಲ, ಮಾವನೂ ಇಲ್ಲ. "ಹೇಳಿರ್ತಾರೆ ಬುಡು" ಅನ್ನುತ್ತಾಳೆ ಅವ್ವ, ಮುಖ ಬೇರೆ ಕಡೆ ತಿರುಗಿಸಿ. ಅಪ್ಪ ಹೋಗಿ ಹೇಳಿಯೂ ಮಾವನ ಮನಸ್ಸು ಕರಗಲಿಲ್ಲವೋ, ಇಲ್ಲಾ ಅಪ್ಪ ಮಾಗಡಿ ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಬಂದರೋ, ನನಗೆ ಗೊತ್ತಿಲ್ಲ.