ಪರದೆಯ ಹಿಂದೆ ಕುಳಿತ ದಾನವ್ವ

ಸಿನಿಮಾಕ್ಕೆ ಹೋಗಬೇಕೆಂದರೆ ಉಳವಪ್ಪ ರುಮಾಲು ಸುತ್ತಿಕೊಂಡರೆ ಸಾಕಿತ್ತು. ಅವನ ಹೆಂಡತಿ ದಾನವ್ವ ಅದೇ ಸಿನಿಮಾಕ್ಕೆ ಹೊರಡಬೇಕಾದರೆ ಮನೆಮಂದಿಗೆಲ್ಲ ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಹಾಲಿಗೆ ಹೆಪ್ಪು ಹಾಕಿ, ಮರುದಿನದ ಜೋಳ ಬೀಸಿಟ್ಟು, ಅತ್ತೆಯ ಅಪ್ಪಣೆ ಕೇಳಿ ಚಕ್ಕಡಿ ಹತ್ತಬೇಕಿತ್ತು. ಹಾಗಿದ್ದೂ ಹಿರೇಕೆರೂರಿಗೆ ಟೂರಿಂಗ್ ಟಾಕೀಸಿನ ಡೇರೆ ಬಂದಾಗ ಹಂಸಭಾವಿಯಿಂದ ಹೊರಟ ಚಕ್ಕಡಿಯಲ್ಲಿ ಅವಳು ಇರಲೇಬೇಕು.

ಎರಡನೆಯ ಮಹಾಯುದ್ಧದ ವರ್ಷಗಳವು. ಡೇರೆಯ ಮಾಲೀಕ ಗುದ್ಲೆಪ್ಪ ನಡುವೆ ಬಿಳಿಯ ಪರದೆ ಕಟ್ಟಿಸಿ ನೀರು ಚಿಮುಕಿಸುತ್ತಿದ್ದ. ತೊಯ್ದ ಬಟ್ಟೆಯ ಮೇಲೆ ಚಿತ್ರ ಎರಡೂ ಕಡೆಗೆ ಕಾಣುತ್ತಿತ್ತು. ಗಂಡಸರು ಮುಂದೆ, ಹೆಂಗಸರು ಪರದೆಯ ಹಿಂದೆ. ಬರುತ್ತಿದ್ದವು ಹೆಚ್ಚಾಗಿ ಮರಾಠಿ, ಹಿಂದಿ ಚಿತ್ರಗಳು. ಮಾತು ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಹೀಗಾಗಿ ದಾನವ್ವ ಮುಖಗಳನ್ನೂ ಕೈಗಳನ್ನೂ ನೋಡುವುದನ್ನು ಕಲಿತಳು. ಮರುದಿನ ಹತ್ತಿ ಬಿಡಿಸುವಾಗ ಅವಳ ತೀರ್ಪಿಗೆ ಹೊಲವೆಲ್ಲ ಕಿವಿಗೊಡುತ್ತಿತ್ತು.

"ದಾನಕ್ಕಾ, ಆ ಸಣ್ಣ ಮೀಸ್ಯಾಂವ ಹೆಂಗ ಮಾಡ್ಯಾನ?" ನೆರೆಮನೆಯ ತಿಪ್ಪವ್ವ ಕೇಳುವಳು.

"ಬಡದಾಡೂದು ಛಲೋ ಮಾಡ್ತಾನ. ಆದ್ರ ಎದುರಿನಾಕಿ ಮಾತಾಡೂವಾಗ ಕೇಳಂಗಿಲ್ಲ ಅಂವ. ತನ್ನ ಪಾಳಿ ಯಾವಾಗ ಬರ್ತೈತಿ ಅಂತ ಕಾಯ್ತಿರ್ತಾನ."

"ಹಂಗಂದ್ರ ನಮ್ಮನಿಯವ್ರಂಗ ಅನ್ನು!"

"ನಿಮ್ಮನಿಯವ್ರಿಗೆ ಅಷ್ಟು ಚಂದ ಮೀಸಿ ಎಲ್ಲೈತಿ?"

ನೀರು ತರುವ ನಾಯಕಿಯ ಬಗ್ಗೆ ಕೇಳಿದರೆ, "ಖಾಲಿ ಕೊಡ ಅದು. ತುಂಬಿದ್ರ ಟೊಂಕ ಹಂಗ ಬಳುಕ್ತೈತೇನ? ಆಕಿ ತಪ್ಪಲ್ಲ ಬಿಡು. ತೆಗಿಸಿದಾಂವ ಎಂದೂ ನೀರು ಹೊತ್ತಾಂವಲ್ಲ" ಎನ್ನುವಳು. ನಿರ್ದೇಶಕ ಎಂಬ ಮಾತು ಅವಳಿಗೆ ಗೊತ್ತಿರಲಿಲ್ಲ. ಕಾಣದೆ ನಿಂತು ಇದನ್ನು ತೋರಿಸು, ಅದನ್ನು ಬಿಡು ಎಂದು ಹೇಳುವವನೊಬ್ಬ ಇರಲೇಬೇಕು ಎಂದು ಮಾತ್ರ ಗೊತ್ತಿತ್ತು.

ಆ ವರ್ಷ ಮನೆಯಲ್ಲಿ ಬೇರೊಂದು ಚಿಂತೆ. ಮಗಳು ಸರೋಜವ್ವನನ್ನು ನೋಡಲು ಅಬಲೂರಿನವರು ಬರುವವರಿದ್ದರು. ನೋಡಲು ಬಂದವರಿಗೆ ಹುಡುಗಿಯೇ ಬಡಿಸಬೇಕು, ಸರೋಜವ್ವ ಎಡಚಿ. ಸೆಗಣಿ ಬಾಚುವಾಗ, ಜೋಳ ಬೀಸುವಾಗ ಆ ಎಡಗೈ ಮನೆಗೆ ಬೇಕಿತ್ತು. ಸೌಟು ಹಿಡಿಯುವಾಗ ಮಾತ್ರ ಬೇಡವಾಗಿತ್ತು. ಅಜ್ಜಿ ಫಕ್ಕೀರವ್ವ ಹಳೆಯ ಸೀರೆಯ ಅಂಚಿನಿಂದ ಅದನ್ನು ಮೊಮ್ಮಗಳ ಸೊಂಟಕ್ಕೆ ಕಟ್ಟಿ, ಬಲಗೈಯಿಂದ ಬಡಿಸುವುದನ್ನು ರೂಢಿ ಮಾಡಿಸುತ್ತಿದ್ದಳು. ಹುಡುಗಿ ಬಿಸಿ ಸಾರನ್ನು ಕಾಲ ಮೇಲೆ ಚೆಲ್ಲಿಕೊಂಡು ಗುಳ್ಳೆ ಎಬ್ಬಿಸಿಕೊಂಡಿದ್ದಳು.

ಅಷ್ಟರಲ್ಲಿ ಡೇರೆಗೆ ಹೊಸ ಚಿತ್ರ ಬಂತು. ದಾನವ್ವ ಅತ್ತೆಯನ್ನೂ ಕರೆದುಕೊಂಡು ಹೋದಳು. ಚಿತ್ರದಲ್ಲೊಬ್ಬಳು ಬಡ ಗೃಹಿಣಿ. ಬಂದ ಅತಿಥಿಗಳಿಗೆ ಬಡಿಸುತ್ತಾಳೆ, ಮಕ್ಕಳಿಗೆ ಬಡಿಸುತ್ತಾಳೆ. ಎಲ್ಲರೂ ಎದ್ದ ಮೇಲೆ ಸೌಟಿನಿಂದ ಪಾತ್ರೆಯ ತಳ ಕೆರೆಯುತ್ತಾಳೆ. ಏನೂ ಇಲ್ಲ. ಗಂಡ ಬಂದು ಕೇಳಿದರೆ ಉಂಡೆನೆಂದು ನಗುತ್ತಾಳೆ. ಪರದೆಯ ಹಿಂದಿನ ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಂಡರು. ಫಕ್ಕೀರವ್ವ ಬಿಕ್ಕಿ ಅತ್ತಳು. ಆ ನಟಿ ಎಲ್ಲರಿಗೂ ಬಡಿಸಿದ್ದು ಎಡಗೈಯಿಂದ.

"ಅತ್ತೀ, ನೋಡಿದ್ರ್ಯಾ?" ಚಕ್ಕಡಿಯಲ್ಲಿ ದಾನವ್ವ ಅಂದಳು. "ಅಷ್ಟ ದೊಡ್ಡ ಮನಸಿನಾಕಿ, ಎಡಗೈಲೆ ನೀಡಿದ್ಲು. ಯಾರರ ಎಲಿ ಬಿಟ್ಟ ಎದ್ರೇನು?"

ಮರುದಿನ ಸರೋಜವ್ವನ ಕೈ ಕಟ್ಟಲಿಲ್ಲ.

ಉಳವಪ್ಪ ಸಂತೆಯ ದಿನ ಅದೇ ಚಿತ್ರವನ್ನು ಮುಂದೆ ಕುಳಿತು ನೋಡಿ ಬಂದ. ಮಗಳು ಎಡಗೈಯಿಂದ ರೊಟ್ಟಿ ಹಾಕಿದಾಗ ಹುಬ್ಬೇರಿಸಿದ. ಅವನ ತಾಯಿ ಫಕ್ಕೀರವ್ವ ಸಿನಿಮಾದ ಕಾರಣ ಹೇಳಿದಳು. ಅವನು ತೊಡೆ ತಟ್ಟಿಕೊಂಡು ನಕ್ಕ.

"ಎಡಗೈ ಎಲ್ಲಿದಬೇ? ಬಲಗೈಲೇ ನೀಡಿದ್ಲು. ಹಿಂದ ಕುಂತ್ರ ಎಲ್ಲಾ ತಿರುವುಮುರುವು ಕಾಣ್ತೈತಿ. ಹೆಸರಿನ ಅಕ್ಷರ ಸೈತ ನಿಮಗ ಉಲ್ಟಾ ಬಿದ್ದಿರತಾವ!"

ಹಿಂದೆ ಕೂಡುವವರಲ್ಲಿ ಅಕ್ಷರ ಬಲ್ಲವರು ಯಾರೂ ಇರಲಿಲ್ಲ. ಯಾವ ಕೈ ಎಂಬುದನ್ನು ಇಷ್ಟು ವರ್ಷ ಯಾರೂ ಲೆಕ್ಕಿಸಿರಲಿಲ್ಲ, ಮಗಳ ಚಿಂತೆಯಿಂದ ದಾನವ್ವನ ಕಣ್ಣಿಗೆ ಈಗ ಬಿದ್ದಿತ್ತು. ಫಕ್ಕೀರವ್ವ ಎದ್ದು ಸೀರೆಯ ಅಂಚು ಹುಡುಕತೊಡಗಿದಳು. ಸರೋಜವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ತಡೀರಿ ಅತ್ತೀ" ಎಂದಳು ದಾನವ್ವ. "ನೀವೂ ನಾನೂ ಮುಂದ ಕುಂತ ಒಮ್ಮಿ ನೋಡೂಣು. ಆಮ್ಯಾಲ ನೀವು ಹೇಳಿದ್ಹಂಗ."

ಡೇರೆಯ ಬಾಗಿಲಲ್ಲಿ ಗುದ್ಲೆಪ್ಪ ಅಡ್ಡ ನಿಂತ. "ಯವ್ವಾ, ಹೆಣ್ಮಕ್ಕಳ ಮರ್ಯಾದಿ ಜಾಗ ಹಿಂದೈತ್ರಿ."

"ನನ್ನ ಮರ್ಯಾದಿ ನನ್ನ ಕೂಡ ಬಂದೈತಿ. ಸರಿ ಅತ್ತಾಗ" ಎಂದು ಫಕ್ಕೀರವ್ವ ಮುಂದಿನ ಸಾಲಿನಲ್ಲಿ ಕುಳಿತಳು. ಗಂಡಸರು ತಾವೇ ಅತ್ತ ಸರಿದು ಜಾಗ ಮಾಡಿದರು.

ಉಳವಪ್ಪ ಹೇಳಿದ್ದು ನಿಜವಾಗಿತ್ತು. ನಟಿ ಬಲಗೈಯಿಂದ ಬಡಿಸಿದಳು. ತಳ ಕೆರೆದಳು, ಉಂಡೆನೆಂದು ನಕ್ಕಳು. ಫಕ್ಕೀರವ್ವ ಮತ್ತೆ ಅತ್ತಳು. ದಾನವ್ವ ಈ ಸಲ ಅಳಲಿಲ್ಲ. ನಟಿಯನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡುತ್ತ ಕುಳಿತಳು.

ಚಕ್ಕಡಿ ಊರ ದಾರಿ ಹಿಡಿದ ಮೇಲೆ ಅವಳೇ ಮಾತು ತೆಗೆದಳು. "ನಿಮ್ಮ ಮಗಾ ಹೇಳಿದ್ದು ಖರೆ. ಬಲಗೈ. ನಾ ಹೇಳಿದ್ದು ತಪ್ಪು."

"ಮತ್ತ?"

"ಮೊನ್ನೆ ಎಡಗೈ ಅಂತ ನೋಡಿದ್ರಿ, ಅತ್ರಿ. ಇವತ್ತ ಬಲಗೈ ಅಂತ ನೋಡಿದ್ರಿ, ಮತ್ತ ಅತ್ರಿ. ಮೊನ್ನೆ ಆಕಿ ನೀಡಿದ್ರಾಗ ಏನರ ಕಮ್ಮಿ ಇತ್ತ್ರೇನು? ಆ ಪಾತ್ರಿ ತಳಾ ತೋರಸ್ಬೇಕು ಅಂತ ತೆಗಿಸಿದಾಂವಗ ಹೊಳದೈತಿ, ಅಂವ ದೊಡ್ಡಾಂವ. ಹಸದಾಕಿ ನಗು ಆಕಿ ನಕ್ಕಾಳ, ಆಕಿ ದೊಡ್ಡಾಕಿ. ಅದರಾಗ ಕೈ ಎಲ್ಲಿ ಬಂತು? ನೀವು ಕೈ ಸಲುವಾಗಿ ಅತ್ರೇನು?"

ಫಕ್ಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಮೊನ್ನೆನ ಛಲೋ ಇತ್ತು" ಎಂದಳು. "ಹಿಂದ ಕುಂತ್ರ ಮಾರಿ ಹತ್ರ ಕಾಣ್ತೈತಿ."

ಅಬಲೂರಿನವರು ಬಂದ ದಿನ ಸರೋಜವ್ವ ಎಡಗೈಯಲ್ಲಿ ಸೌಟು ಹಿಡಿದು ಹೊರಬಂದಳು. ಗಂಡಿನ ತಾಯಿಯ ಕಣ್ಣು ಅಲ್ಲಿಯೇ ನಿಂತಿತು. "ಎಡಚಿ ಏನ್ರಿ ಹುಡುಗಿ?"

"ಹೌದ್ರಿ" ಎಂದಳು ಫಕ್ಕೀರವ್ವ. ಉಳವಪ್ಪ ತಲೆ ತಗ್ಗಿಸಿದ, ಅವಳು ತಗ್ಗಿಸಲಿಲ್ಲ. "ಯಾವ ಕೈಲೆ ನೀಡ್ತಾಳ ಅಂತ ನೋಡಬ್ಯಾಡ್ರಿ. ಹೆಂಗ ನೀಡ್ತಾಳ ನೋಡ್ರಿ."

ಸರೋಜವ್ವ ಒಂದು ಹನಿಯೂ ಚೆಲ್ಲದೆ ಸಾಲು ಮುಗಿಸಿದಳು. ಗಂಡಿನ ತಾಯಿ ಉಣತೊಡಗಿದಳು. ಸ್ವಲ್ಪ ಹೊತ್ತಿಗೆ ಗಂಗಾಳ ಮುಂದೆ ಸರಿಸಿ, "ಇನ್ನೊಂದ ಸೌಟು ಸಾರು ಹಾಕವಾ" ಎಂದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಾನವ್ವ ಆ ಹೆಂಗಸು ರೊಟ್ಟಿ ಮುರಿಯುವುದನ್ನು, ಸಾರು ಹೀರುವುದನ್ನು, ಬೆರಳು ನೆಕ್ಕುವುದನ್ನು ನೋಡಿದಳು. ನಂತರ ಅಡುಗೆಗೆ ನೆರವಾಗಲು ಬಂದಿದ್ದ ತಿಪ್ಪವ್ವನತ್ತ ಬಾಗಿ, "ಈಕಿ ನಾಟಕ ಮಾಡಾಕತ್ತಿಲ್ಲ" ಎಂದಳು. "ಈ ಮನಿಗೆ ಕೊಡಬಹುದು."