ಪಟ್ಟದ ಗೊಂಬೆಗೆ ಸ್ಪೇನಿನ ಕಾಯಿದೆ

ಜಪಾನಿನ ನಿಶಿ ಕಸಾಯಿಯ ನಮ್ಮ ಮನೆಯ ಗೋಡೆಕಪಾಟಿನ ಮೇಲಂಕಣದಲ್ಲಿ, ಚಳಿಗಾಲದ ರಜಾಯಿಗಳ ಹಿಂದೆ, ಒಬ್ಬ ರಾಜನೂ ಒಬ್ಬ ರಾಣಿಯೂ ವರ್ಷದ ಹನ್ನೊಂದೂವರೆ ತಿಂಗಳು ಕಿತ್ತಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ ಅಜ್ಞಾತವಾಸ ಮಾಡುತ್ತಾರೆ. ನೀವು ಮೈಸೂರಿನ ಕಡೆಯವರಾದರೆ ಇವರ ಪರಿಚಯ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ವಿರಾಜಮಾನರಾಗುವ ಈ ಮರದ ದಂಪತಿಗೆ ಪಟ್ಟದ ಗೊಂಬೆಗಳೆಂದು ಹೆಸರು. ತಾಯಿ ಇವನ್ನು ಮದುವೆಯಲ್ಲಿ ಮಗಳಿಗೆ ಕೊಡುತ್ತಾಳೆ, ಆ ಮಗಳು ತನ್ನ ಮಗಳಿಗೆ. ನನ್ನ ಹೆಂಡತಿ ವಸುಧಾಳಿಗೆ ಇವು ಬಂದದ್ದೂ ಹಾಗೆಯೇ. ಈ ಸಂಸ್ಥಾನದಲ್ಲಿ ನನ್ನದು ಪೆಟ್ಟಿಗೆ ಇಳಿಸುವ ಹುದ್ದೆ.

ಇಂಥವನಿಗೆ ಸ್ಪೇನಿನ ಶ್ರೀಮಂತ ಮನೆತನಗಳ ವಂಶಪಾರಂಪರ್ಯದ ಬಿರುದುಗಳ ಗೀಳು ಯಾಕೆ ಹತ್ತಬೇಕು ಎಂದರೆ, ಅದು ಆಫೀಸಿನ ಊಟದ ಮೇಜಿನ ತಪ್ಪು. ಅಲ್ಲಿ ಸ್ಪೇನಿನ ಸಹೋದ್ಯೋಗಿಯೊಬ್ಬರು, ಕೊಂಬಿನಿ ಅಂಗಡಿಯಿಂದ ತಂದ ಅನ್ನದುಂಡೆಯ ಹಾಳೆ ಬಿಡಿಸುತ್ತ, ತಮ್ಮ ಸೋದರತ್ತೆ ಒಬ್ಬ ಮಾರ್ಕೆಸಾ, ಡ್ಯೂಕಿಗಿಂತ ಒಂದೇ ಮೆಟ್ಟಿಲು ಕೆಳಗಿನ ಬಿರುದಿನ ಒಡತಿ, ಎಂದೂ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತ ಎರಡು ಕೋಣೆಯ ಮನೆಯಲ್ಲಿ ಬಾಳುತ್ತಿದ್ದಾರೆಂದೂ ಹವಾಮಾನ ವರದಿಯ ಧಾಟಿಯಲ್ಲಿ ತಿಳಿಸಿದರು. ಕೋಟೆಯೂ ಇಲ್ಲದೆ ಕುದುರೆಯೂ ಇಲ್ಲದೆ ಒಬ್ಬರು ಮಾರ್ಕೆಸಾ ಆಗಿರುವುದಾದರೂ ಹೇಗೆ? ಅಂದಿನಿಂದ, ರೈಲಿನಲ್ಲಿ ಅಕ್ಕಪಕ್ಕದವರು ನಿಂತಲ್ಲೇ ನಿದ್ರಿಸುವಾಗ, ನಾನು ಡ್ಯೂಕರ ಹಾಗೂ ಕೌಂಟರ ಸಂಗದಲ್ಲಿ ಪ್ರಯಾಣ ಮಾಡತೊಡಗಿದೆ.

ಅದೊಂದು ಸೊಗಸಾದ ಲೋಕ. ರಾಜನೆದುರು ಟೋಪಿ ತೆಗೆಯದೆ ನಿಲ್ಲುವುದನ್ನೇ ಪರಮಪದವೆಂದು ಬಗೆದ ಮಹಾಶಯರು ಅಲ್ಲಿದ್ದರು. ಗಣರಾಜ್ಯ ಬಂದು ಬಿರುದುಗಳನ್ನೆಲ್ಲ ಒರೆಸಿಹಾಕಿತು. ಅದು ಹೋದಮೇಲೆ ಅವು ಮತ್ತೆ ಚಿಗುರಿದವು. ಹಿಂದೆ ಬಿರುದಿನ ಬೆನ್ನಿಗೆ ಭೂಮಿಯಿತ್ತು, ಅಧಿಕಾರವಿತ್ತು. ಈಗ ಬರಿಯ ಹೆಸರು ಉಳಿದಿದೆ, ಆದರೂ ಅದಕ್ಕಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ತೀರ ಇತ್ತೀಚಿನವರೆಗೆ ಅಕ್ಕನಿದ್ದರೂ ಪಟ್ಟ ತಮ್ಮನಿಗೇ. ಈ ಶತಮಾನದಲ್ಲಷ್ಟೇ ಕಾಯಿದೆ ಬದಲಾಗಿ, ಹೆಣ್ಣಾಗಲಿ ಗಂಡಾಗಲಿ, ಮೊದಲು ಹುಟ್ಟಿದವರಿಗೆ ಎಂದಾಯಿತು. ನನಗೆ ಎಲ್ಲಕ್ಕಿಂತ ರುಚಿಸಿದ್ದು ಮತ್ತೊಂದು ನಿಯಮ: ಬಿರುದುಳ್ಳವರು ಅದನ್ನು ಬದುಕಿರುವಾಗಲೇ ಬೇರೊಬ್ಬರಿಗೆ ಬಿಟ್ಟುಕೊಡಬಹುದು; ಆದರೆ ಹೆಚ್ಚಿನ ಹಕ್ಕುಳ್ಳವರು ಒಪ್ಪಿ ಬರೆದುಕೊಡದಿದ್ದರೆ ಅವರ ಹಕ್ಕು ಹಾಗೆಯೇ ಉಳಿಯುತ್ತದೆ.

ಈ ನಿಯಮ ನನ್ನ ಮನೆಯಲ್ಲೇ ಉಪಯೋಗಕ್ಕೆ ಬರುವುದೆಂದು ನಾನೇನು ಕನಸು ಕಂಡಿದ್ದೆನೆ?

ನಮ್ಮ ಮಗಳು ಮೈತ್ರಿ ಈ ವರ್ಷ ಒಸಾಕಾದಲ್ಲಿ ಕೆಲಸಕ್ಕೆ ಸೇರಿದಳು. ನವರಾತ್ರಿಯ ಹಿಂದಿನ ಭಾನುವಾರ ಮನೆಗೆ ಬಂದವಳು, ಅಲ್ಲಿಯ ತನ್ನ ಕೋಣೆಯಲ್ಲಿ ಹಾಸಿಗೆ ಬಿಚ್ಚಿದರೆ ಬಾಗಿಲು ತೆರೆಯುವುದಿಲ್ಲವೆಂದೂ, ಮದುವೆಯ ಯೋಚನೆ ಸದ್ಯಕ್ಕೆ ಇಲ್ಲವೆಂದೂ, ಆದ್ದರಿಂದ ಗೊಂಬೆಗಳನ್ನು ತನಗಾಗಿ ಕಾದಿರಿಸಬೇಕಾಗಿಲ್ಲವೆಂದೂ ನಗುತ್ತಲೇ ಹೇಳಿಬಿಟ್ಟಳು. ವಸುಧಾ ನಗಲಿಲ್ಲ. ಒಳಗೆ ಬಂದು ನನ್ನೊಡನೆ ಮೆಲ್ಲಗೆ, "ಅವಳಿಗೆ ಬೇಡ ಅಂದ್ರೆ ಮೈಸೂರಿಗೆ ಕಳಿಸಿಬಿಡ್ತೀನಿ ರೀ, ನನ್ನ ತಂಗಿ ಮಗಳಿಗೆ. ಗಂಡುಮಕ್ಕಳಿಗೆ ಕೊಟ್ಟಿದ್ದು ನಮ್ಮನೇಲಿ ಯಾರೂ ಕಂಡಿಲ್ಲ" ಎಂದಳು.

ಗಂಡುಮಗ ಎಂದರೆ ಅನೂಪ, ಹದಿನೈದರವನು. ಏಳು ವರ್ಷದಿಂದ ಆ ರಾಜದಂಪತಿಗೆ ಉಡಿಸಿ ತೊಡಿಸುತ್ತ ಬಂದಿರುವವನು ಅವನೇ. ರಾಣಿಯ ಸೆರಗಿಗೆ ಗುಂಡುಸೂಜಿ ಚುಚ್ಚುವ ಮೊದಲು "ಸುಮಿಮಾಸೆನ್" ಎಂದು ಆಕೆಯ ಕ್ಷಮೆ ಬೇಡುವಷ್ಟು ಶಿಷ್ಟಾಚಾರ ಬಲ್ಲವನು. ತಾಯಿಯ ಮಾತು ಅವನ ಕಿವಿಗೂ ಬಿತ್ತು. ಅವನು ವಾದ ಮಾಡಲಿಲ್ಲ, ತನ್ನ ಅರೆಬರೆ ಕನ್ನಡದಲ್ಲಿ, "ಕಳಿಸೋದಾದ್ರೆ, ರಾಣಿ ಕತ್ತು ಲೂಸ್ ಇದೆ ಅಂತ ಅವ್ರಿಗೆ ಹೇಳಮ್ಮ. ಎತ್ತುವಾಗ ಸೊಂಟ ಹಿಡ್ಕೋಬೇಕು" ಎಂದಷ್ಟೇ ಹೇಳಿ ಮೆಟ್ಟಿಲು ಜೋಡಿಸಲು ಹೋದ.

ಆಗ ನಾನು, ಗಣಿತದ ಮಾರ್ಕೆಸಾಳ ಕಥೆಯಿಂದಲೇ ಶುರುಮಾಡಿ, ಸ್ಪೇನನ್ನು ನೆರವಿಗೆ ಕರೆದೆ. ಹೆಚ್ಚಿನ ಹಕ್ಕುಳ್ಳ ಮಗಳು ಒಪ್ಪಿ ಬರೆದುಕೊಟ್ಟರೆ ತಾಯಿ ಮಗನಿಗೆ ಪಟ್ಟ ಕಟ್ಟಬಹುದಲ್ಲ! ಊಟದ ಮೇಜಿನ ಮೇಲೆ ಕಾಗದ ಹಾಸಿ, "ನಾನು, ಮೈತ್ರಿ, ಪಟ್ಟದ ಗೊಂಬೆಗಳ ಮೇಲಿನ ನನ್ನ ಸಮಸ್ತ ಹಕ್ಕನ್ನು ಆಚಂದ್ರಾರ್ಕವಾಗಿ ತ್ಯಜಿಸಿ" ಎಂದು ತಾಮ್ರಶಾಸನಕ್ಕೆ ಸರಿಸಾಟಿಯಾದ ಕನ್ನಡದಲ್ಲಿ ಒಂದು ಪತ್ರ ಬರೆದು, ಗಟ್ಟಿಯಾಗಿ ಓದಿ ಹೇಳಿದೆ. ಅಚ್ಚರಿಯೆಂದರೆ ವಸುಧಾ ಅಡ್ಡಿ ಮಾಡಲಿಲ್ಲ. ಮಗಳು ಬರೆದುಕೊಟ್ಟರೆ ತನ್ನದೇನೂ ಅಭ್ಯಂತರವಿಲ್ಲ ಎಂದಳು. ಈ ದೇಶದಲ್ಲಿ ಸಹಿಗಿಂತ ಮುದ್ರೆಯೇ ಮೇಲು. ಮೈತ್ರಿಯೂ ಕೆಲಸಕ್ಕೆಂದು ತನ್ನ ಹೆಸರಿನ ಪುಟ್ಟ ಮುದ್ರೆ ಮಾಡಿಸಿಕೊಂಡಿದ್ದಳು. ಚೀಲದಿಂದ ಅದನ್ನು ತೆಗೆದಳು, ಕೆಂಪು ಮಸಿಗೆ ಒತ್ತಿದಳು. ಕೈ ಕಾಗದದ ಮೇಲೆ ಬಂದು ನಿಂತಿತು, ಇಳಿಯಲಿಲ್ಲ.

"ಇದು ಒತ್ತಿದ್ರೆ ನಾನು ಲಿಸ್ಟಲ್ಲೇ ಇರಲ್ವಾ, ಅಪ್ಪ?"

ಇರುವುದಿಲ್ಲ, ಅದಕ್ಕೇ ಈ ಪತ್ರ ಎಂದೆ. ಅಜ್ಜಿಯ ಅಜ್ಜಿಯಿಂದ ಅಮ್ಮನವರೆಗೆ ಬಂದದ್ದು ತನ್ನನ್ನು ದಾಟಿಕೊಂಡು ಹೋಗುವುದೇ ಎಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕೇಳಿದಳು. ನಾನು ಹೌದೆಂದೆ. ಅವಳು ಮುದ್ರೆಯ ಮಸಿಯನ್ನು ಕಾಗದದ ಕರವಸ್ತ್ರದಿಂದ ನಿಧಾನವಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

"ಗೊಂಬೆ ಇವನ ಹತ್ರಾನೇ ಇರ್ಲಿ, ಇವ್ನೇ ನೋಡ್ಕೊಳ್ಲಿ. ಮೈಸೂರಿಗೆ ಬೇಡಮ್ಮ. ಆದ್ರೆ ಅದು ನಂದು. ನಿಮ್ಮ ಮಾರ್ಕೆಸಾ ಆಂಟಿ ಥರ."

ಗೆಳೆಯರೇ, ಸ್ಪೇನು ಶತಮಾನಗಳ ವ್ಯಾಜ್ಯದಿಂದ ಕಂಡುಕೊಂಡದ್ದನ್ನು ಈ ಹುಡುಗಿ ನಿಂತನಿಲುವಿನಲ್ಲಿ ಹೇಳಿದ್ದಳು. ಆಸ್ತಿ ಒಂದು ಕಡೆ, ಹೆಸರು ಒಂದು ಕಡೆ. ಬೇಡವೆಂದು ನಗುವಷ್ಟು ಹಗುರವಾದದ್ದು, ಇನ್ನು ತನಗಿಲ್ಲ ಎಂದೊಡನೆ ಇಷ್ಟು ಭಾರವಾಗುವುದೇಕೆಂದು ನಾನು ಓದಿದ ಯಾವ ಚರಿತ್ರೆಕಾರನೂ ಬರೆದಿಲ್ಲ. ಬಹುಶಃ ಅವರ ಮನೆಯಲ್ಲಿ ಹೆಣ್ಣುಮಕ್ಕಳಿರಲಿಲ್ಲ.

ವಸುಧಾ ನನ್ನ ತಾಮ್ರಶಾಸನವನ್ನು ನಾಲ್ಕಾಗಿ ಮಡಚಿ ಓಲಾಡುತ್ತಿದ್ದ ಮೆಟ್ಟಿಲಿನ ಕಾಲಡಿಗೆ ಕೊಟ್ಟಳು. ಆಮೇಲೆ ಮಗಳತ್ತ ತಿರುಗಿ, "ನಿಂದು ಅಂದ್ಮೇಲೆ ಸೀರೆ ಉಡಿಸು ಬಾ" ಎಂದಳು.

ಮೈತ್ರಿ ಈ ಹಿಂದೆ ಆ ಗೊಂಬೆಯನ್ನು ಮುಟ್ಟಿದವಳಲ್ಲ. ಸೊಂಟ ಹಿಡಿದು ಎತ್ತಿದಳು. ನೆರಿಗೆ ಒಂದು ದಪ್ಪ, ಒಂದು ಸಣ್ಣ ಬಂದವು. ಸೆರಗು ಮೊಣಕಾಲಿನವರೆಗೆ ಜೋತುಬಿತ್ತು. ರಾಣಿ ಯಾವುದೋ ಬಸ್ಸು ತಪ್ಪಿಸಿಕೊಂಡು ಓಡಿಬಂದವಳಂತೆ ಕಂಡಳು. ಅಕ್ಕನ ಪಕ್ಕದಲ್ಲಿ ಅನೂಪ ಒಂದೊಂದೇ ಗುಂಡುಸೂಜಿ ಕೊಡುತ್ತಿದ್ದ. ಎಲ್ಲ ಮುಗಿದು ಅವಳು ಹಿಂದೆ ಸರಿದು ಹೇಗಿದೆ ಎಂದು ಕೇಳಿದಾಗ, ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ಚೆನ್ನಾಗಿದೆ ಎಂದ. ಒಂಬತ್ತು ದಿನವೂ ಆ ಸೀರೆಯನ್ನು ಅವನು ಮುಟ್ಟಲಿಲ್ಲ.