ಹೊಸದಾಗದ ಕುರ್ಚಿ

ಬೀದಿಯವರು ಅವಳನ್ನು ಕುರ್ಚಿಯಕ್ಕ ಎನ್ನುತ್ತಾರೆ. ಆದರೆ ಮುಂಗೋಣೆಯನ್ನು ಪೂರ್ತಿ ನುಂಗಿಕೊಂಡು ಕೂತಿರುವ ಆ ಕ್ಷೌರದ ಕುರ್ಚಿ ಅವಳದಲ್ಲ, ಮಾವನದು. ನಲವತ್ತು ವರ್ಷ ನಡೆಸಿದ ಅಂಗಡಿಯನ್ನು ಮುಚ್ಚಿದ ದಿನ ನಾಲ್ಕು ಜನ ಅದನ್ನು ಹೊತ್ತು ತಂದು ದೊಡ್ಡ ಕನ್ನಡಿಯ ಎದುರು ಇಳಿಸಿದ್ದರು. ಅವತ್ತಿನಿಂದ ಮಾವ ಪೇಪರ್ ಓದುವುದು, ತೂಕಡಿಸುವುದು, ಮನೆಯವರಿಗೆ ಬುದ್ಧಿ ಹೇಳುವುದು ಎಲ್ಲ ಅದರ ಮೇಲಿಂದಲೇ. ಅದನ್ನು ಒರೆಸುವುದು ಮಾತ್ರ ಸೊಸೆಯ ಪಾಲು.

ಸೊಸೆಗೂ ಆ ಕುರ್ಚಿಯ ಮೇಲೆ ಕಣ್ಣಿತ್ತು. ಮದುವೆಗೆ ಮುಂಚೆ ಅವಳು ಎರಡು ವರ್ಷ ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತಿದ್ದಳು. ಆ ಕತ್ತರಿ ಈಗಲೂ ಬಟ್ಟೆ ಸುತ್ತಿಕೊಂಡು ಟ್ರಂಕಿನ ತಳದಲ್ಲಿದೆ. ಪಕ್ಕದ ಮನೆಯ ಟೀಚರ್, "ಇಲ್ಲೇ ಶುರು ಮಾಡೇ. ಮೊದಲನೇ ತಲೆ ನಂದು" ಎಂದು ಹುರಿದುಂಬಿಸಿದ್ದರು. ಧೈರ್ಯ ಮಾಡಿ ಮಾವನನ್ನು ಕೇಳಿದಳು.

ಮಾವ ಇಲ್ಲ ಎನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಮುಗಿಸಬಹುದಿತ್ತು.

"ಮಾಡಮ್ಮ, ಬೇಡ ಅಂದೋರ್ಯಾರು? ಆದ್ರೆ ತುಕ್ಕು ಹಿಡಿದ ಕುರ್ಚಿ ಮೇಲೆ ಗಿರಾಕಿ ಕೂರ್ಸೋದಾ? ನನ್ನ ಮರ್ಯಾದೆ ಏನಾಗ್ಬೇಕು? ಮೊದ್ಲು ಅದು ಹೊಸದರ ಹಾಗೆ ಹೊಳೀಲಿ."

ಅದಾಗಿ ಮೂರು ವರ್ಷ. ಮೊದಲ ವಾರ ಪಾತ್ರೆ ಉಜ್ಜುವ ತಂತಿನಾರು ಹಿಡಿದು ಕುರ್ಚಿಯ ತೋಳಿನ ಮೇಲೆ ಗೀರು ಬೀಳಿಸಿದಳು. ಆಮೇಲೆ ಕಲಿತಳು. ಅಲ್ಯುಮಿನಿಯಂ ಫಾಯಿಲನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ, ಮಗುವಿನ ಮೈ ತಿಕ್ಕುವಷ್ಟು ಮೆತ್ತಗೆ ತಿಕ್ಕಬೇಕು. ಕಪ್ಪು ಕೆಸರು ಬಿಡುತ್ತದೆ. ಅದನ್ನು ಒರೆಸಿ, ಸಂದಿಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ ಹಾಕಿ, ಒಂದು ಹನಿಯೂ ಉಳಿಯದಂತೆ ಒಣಗಿಸಬೇಕು. ಕೊನೆಗೆ ಕಾರಿಗೆ ಹಚ್ಚುವ ವ್ಯಾಕ್ಸನ್ನು ತೆಳ್ಳಗೆ ಸವರಿ ಬಟ್ಟೆಯಿಂದ ಹೊಳಪು ಕೊಡಬೇಕು. ಅಡುಗೆ, ಬಟ್ಟೆ, ನೆಲ ಎಲ್ಲ ಮುಗಿದ ಮೇಲೆ ಉಳಿಯುವ ಮಧ್ಯಾಹ್ನ ಅದಕ್ಕೇ ಸರಿಹೋಗುತ್ತಿತ್ತು.

ಕುರ್ಚಿಯ ತೋಳು ಕನ್ನಡಿಯಾಯಿತು. ಕೆಳಗಿನ ಕಂಬ ಮಿಂಚಿತು. ಕಾಲಿಡುವ ಲೋಹದ ಹಲಗೆಯ ಮೇಲೆ ಮಾತ್ರ ನಾಲ್ಕೇ ದಿನಕ್ಕೆ ಮತ್ತೆ ಕಂದು ಚುಕ್ಕೆ ಎದ್ದು ನಿಲ್ಲುತ್ತಿತ್ತು.

"ನೆಲ ಒರೆಸೋವಾಗ ನೀರು ಚೆಲ್ತೀಯ, ಅದಕ್ಕೇ" ಎನ್ನುತ್ತಿದ್ದರು ಮಾವ, ಅದೇ ಹಲಗೆಯ ಮೇಲೆ ಕಾಲಿಟ್ಟುಕೊಂಡು.

"ಹಾಗಾದ್ರೆ ನೆಲ ಒರೆಸೋದು ಬಿಡ್ಲಾ ಮಾವ?"

"ಬಾಯಿಗೇನು ಕಮ್ಮಿ ಇಲ್ಲ."

ಗಂಡನಿಗೆ ಹೇಳಿದರೆ, "ಅಪ್ಪ ಬೇಡ ಅಂದಿಲ್ವಲ್ಲ? ಇನ್ನೊಂಚೂರು ಉಜ್ಜು" ಎಂದು ಅನ್ನ ಕಲಸಿದ.

ಒಂದು ಬೆಳಿಗ್ಗೆ ಮಾವ ಸ್ನಾನಕ್ಕೆ ಹೋದಾಗ ಅವಳು ಹಲಗೆಯ ತಿರುಪು ಬಿಚ್ಚಿ, ತರಕಾರಿ ಚೀಲಕ್ಕೆ ಹಾಕಿಕೊಂಡು ಕ್ರೋಮ್ ಲೇಪಿಸುತ್ತಿದ್ದ ಹಳೇ ಅಂಗಡಿಗೆ ನಡೆದಳು. ಅಂಗಡಿಯ ಮುದುಕ ಹಲಗೆಯನ್ನು ಬೆಳಕಿಗೆ ಹಿಡಿದು ಉಗುರಿನಿಂದ ಕೆರೆದ.

"ಇದು ಮೇಲಿನ ತುಕ್ಕಲ್ಲಮ್ಮ. ಪದರ ಒಡೆದು ಒಳಗಿನ ಕಬ್ಬಿಣ ಉಬ್ಬಿ ಬರ್ತಿದೆ. ನೀನು ಜನ್ಮವಿಡೀ ಉಜ್ಜಿದ್ರೂ ಇಷ್ಟೇ."

"ಏನೂ ಮಾಡೋಕಾಗಲ್ವಾ?"

"ಹಳೇದನ್ನೆಲ್ಲ ಕಿತ್ತು ಹೊಸ ಪದರ ಹತ್ತಿಸ್ಬೇಕು. ತೊಟ್ಟಿಯಲ್ಲಿ ಅದ್ದಿ ಲೇಪ ಹಾಕೋ ಆ ಕೆಲಸ ನಾನು ಬಿಟ್ಟು ವರ್ಷವಾಯ್ತು, ಈಗ ಸುತ್ತಮುತ್ತ ಯಾರೂ ಮಾಡಲ್ಲ." ಮುದುಕ ಹಲಗೆಯನ್ನು ಮಗುಚಿದ. "ಅರೆ, ಇದು ನಿಮ್ಮ ಮಾವನದಲ್ವಾ? ಅಂಗಡಿ ನಡೀತಿದ್ದಾಗಲೇ ಅವರಿಗೆ ಇದನ್ನೇ ಹೇಳಿದ್ದೆ. ಮೇಲೊಂದು ರಬ್ಬರ್ ಮ್ಯಾಟ್ ಹಾಕಿ ಮುಚ್ಚಿಬಿಟ್ರು."

ಅವಳು ವಾಪಸ್ಸು ಬಂದಾಗ ಮಾವ ಕುರ್ಚಿಯಲ್ಲಿದ್ದರು. ಹಲಗೆ ಇಲ್ಲದೆ ಕಾಲು ನೇತಾಡುತ್ತಿತ್ತು.

"ಎಲ್ಲಿಗೆ ಹೊತ್ಕೊಂಡು ಹೋಗಿದ್ದೆ ಅದನ್ನ?"

"ಇದರ ತುಕ್ಕು ಹೋಗಲ್ವಂತೆ ಮಾವ. ನಿಮಗೆ ಮೊದಲೇ ಗೊತ್ತಿತ್ತಂತೆ."

ಮಾವ ಪೇಪರ್ ಮಡಚಿದರು. ಮುಖದಲ್ಲಿ ನಾಚಿಕೆ ಇರಲಿಲ್ಲ. "ಗೊತ್ತಿದ್ರೇನೀಗ? ಉಳಿದದ್ದೆಲ್ಲ ಹೊಳೀತಿದೆಯಲ್ಲ."

"ಹಾಗಾದ್ರೆ ಕುರ್ಚಿ ಕೊಡ್ತೀರಾ?"

"ಹೊಸದಾಗ್ಲಿ ಅಂದಿದೀನಲ್ಲಮ್ಮ."

"ಆಗಲ್ಲ ಅಂತಿದಾರಲ್ಲ!"

"ಅದಕ್ಕೆ ನಾನೇನು ಮಾಡ್ಲಿ? ಹಲಗೆ ಹಾಕು, ಕಾಲು ಜೋಮು ಹಿಡೀತು."

ಅವಳು ಹಾಕಿದಳು. ಮಂಡಿಯೂರಿ ಒಂದೊಂದೇ ತಿರುಪು ಬಿಗಿದಳು. ಕಣ್ಣ ಮುಂದೆ ಮಾವನ ಹಿಮ್ಮಡಿ, ಪಕ್ಕದಲ್ಲಿ ಫಾಯಿಲ್ ಉಂಡೆ, ವ್ಯಾಕ್ಸ್ ಡಬ್ಬಿ. ಈ ಮನೆಯಲ್ಲಿ ಅವಳಿಗೆಂದು ಇದ್ದ ಮೂರು ವರ್ಷದ ಮಧ್ಯಾಹ್ನಗಳು ಆ ಡಬ್ಬಿಯೊಳಗೆ ಹೋಗಿದ್ದವು. ಮುಂದಿನವೂ ಹೋಗಲಿದ್ದವು.

ಮರುದಿನ ಹತ್ತು ಗಂಟೆಗೆ ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದರು. ಅವರ ಸ್ನಾನ ಅರ್ಧ ಗಂಟೆಯದು. ಚಿಲಕ ಬಿದ್ದ ಸದ್ದು ಕೇಳಿದ್ದೇ ಅವಳು ಪಕ್ಕದ ಮನೆಯ ಬಾಗಿಲು ತಟ್ಟಿದಳು. ರಜೆಯಲ್ಲಿದ್ದ ಟೀಚರ್ ಕೈಯಲ್ಲಿದ್ದ ಪುಸ್ತಕ ಹಿಡಿದುಕೊಂಡೇ ಬಂದು ಕುರ್ಚಿಯಲ್ಲಿ ಕೂತರು.

"ಏನೇ ಇದು, ಕದ್ದು ಕ್ಷೌರಾನಾ?" ಎಂದು ನಕ್ಕರು.

"ತಲೆ ಬಗ್ಗಿಸಿ."

ಟ್ರಂಕಿನಿಂದ ತೆಗೆದಿಟ್ಟಿದ್ದ ಕತ್ತರಿ ಆಡಿತು, ಬಲಗಡೆಯ ಕೂದಲು ಕಿವಿಯ ಮಟ್ಟಕ್ಕೆ ಬಂತು. ಕೈ ಏನನ್ನೂ ಮರೆತಿರಲಿಲ್ಲ. ಎಡಕ್ಕೆ ಸರಿದು ಬಾಚಣಿಗೆ ಹಾಕಿದಳು, ಅಷ್ಟರಲ್ಲಿ ಬಚ್ಚಲಿನ ಚಿಲಕ ಸರಿಯಿತು. ಇವತ್ತು ನೀರು ಬೇಗ ತಣ್ಣಗಾಗಿತ್ತೇನೋ.

ಟೀಚರ್ ಅರ್ಧ ಎದ್ದರು. "ಬಂದ್ರು ಕಣೇ. ಇಳೀಲಾ?"

ಕನ್ನಡಿಯಲ್ಲಿ ಮಾವ ಒದ್ದೆ ತಲೆಯಲ್ಲಿ ಬಾಗಿಲು ತುಂಬಿಕೊಂಡು ನಿಂತದ್ದು ಕಂಡಿತು. ಅವಳು ಟೀಚರ ಹೆಗಲನ್ನು ಒತ್ತಿ ಕೂರಿಸಿದಳು.

"ಅಲ್ಲಾಡ್ಬೇಡಿ. ಎಡಗಡೆ ಇನ್ನೂ ಉಳಿದಿದೆ."